ದಾರೂಬಂದಿ ಇಲ್ಲದ ಊರು

ಕ್ಯಾಸಲ್‌ರಾಕ್ ದಾಟಿದ ಮೇಲೆ ಉಡಚಪ್ಪ ಮಾತು ನಿಲ್ಲಿಸಿಬಿಟ್ಟ. ಗದಗಿನಿಂದ ಲೋಂಡಾದವರೆಗೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಯಾವ ಸ್ಟೇಶನ್ನಿನಲ್ಲಿ ಎಷ್ಟು ಲೈನು, ಎಲ್ಲಿ ಎಂಜಿನ್ನಿಗೆ ನೀರು ಹಿಡಿಯುತ್ತಾರೆ, ಯಾವ ಮಾಸ್ತರ ದೇವರಂಥವನು, ಯಾವನು ಮಹಾ ಕಿರಿಕಿರಿ, ಹೀಗೆ ಇಪ್ಪತ್ತೆರಡು ವರ್ಷ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ದುಡಿದವನು ಹೆಂಡತಿಗೆ ರೈಲ್ವೆಯ ಜಾತಕವನ್ನೇ ಬಿಚ್ಚಿಟ್ಟಿದ್ದ. ಈಗ ಗಾಡಿ ಘಟ್ಟ ಇಳಿಯುತ್ತಿತ್ತು. ಸುರಂಗ ಬಂದಾಗಲೆಲ್ಲ ಡಬ್ಬಿಯೊಳಗೆ ಹೊಗೆ ನುಗ್ಗಿ ಕತ್ತಲಾಗುತ್ತಿತ್ತು. ಮತ್ತೆ ಬೆಳಕಾದಾಗ ನೋಡಿದರೆ ಅವನು ಕಿಟಕಿಗೆ ಮುಖ ಮಾಡಿ ಕೂತೇ ಇದ್ದ. ದೇವವ್ವ ಅವನ ಗಂಟಲನ್ನು ನೋಡಿದಳು. ಬಾಯಲ್ಲಿ ಏನೂ ಇಲ್ಲದೆ ಅದು ನುಂಗುತ್ತಿತ್ತು.

"ಸಮುದ್ರ ತೋರಸ್ತೀನಿ ಬಾ" ಅಂದಿದ್ದ. ರೈಲ್ವೆಯವರಿಗೆ ಕೊಡುವ ಬಿಟ್ಟಿ ಪಾಸನ್ನು ಇಷ್ಟು ವರ್ಷ ಕೇಳದವನು ಈ ಸಲ ತಾನಾಗಿಯೇ ಹೋಗಿ ಬರೆಸಿಕೊಂಡು ಬಂದಿದ್ದ. ಅದೂ ಎಲ್ಲಿಗೆ? ಪೋರ್ತುಗೀಜರ ಗೋವಾಕ್ಕೆ! ಗದಗ ಸ್ಟೇಶನ್ನಿನಲ್ಲಿ ಅವನ ಜೊತೆಯ ಪಾಯಿಂಟ್ಸ್‌ಮನ್ ಸಕ್ರಪ್ಪ ಗಂಟು ಎತ್ತಿ ಕೊಡುತ್ತ, "ಉಡಚಪ್ಪಣ್ಣ, ಬರೇ ಸಮುದ್ರ ನೋಡಿ ಬರಬ್ಯಾಡ ಮತ್ತ. ನನ್ನ ಹೆಸರ್ಲೆ ಒಂದ ಗುಟುಕ ಹೆಚ್ಚಿಗಿ ಹಾಕು" ಎಂದು ಕಣ್ಣು ಹೊಡೆದಿದ್ದ. ಸುತ್ತಲಿನ ಹಮಾಲರು ಹೋ ಎಂದು ನಕ್ಕಿದ್ದರು. ದೇವವ್ವ ನಗದೆ ಡಬ್ಬಿ ಹತ್ತಿದ್ದಳು.

ಸ್ವರಾಜ್ಯ ಬಂತೆಂದು ಬೆಟಗೇರಿಯ ಓಣಿಯಲ್ಲಿ ಪೇಢೆ ಹಂಚಿದ ದಿನ ಆಕೆಗೆ ಹೆಚ್ಚೇನೂ ಅನ್ನಿಸಿರಲಿಲ್ಲ. ಮುಂಬಯಿ ಸರಕಾರ ಶೆರೆ ಅಂಗಡಿಗಳಿಗೆಲ್ಲ ಬೀಗ ಜಡಿದು ದಾರೂಬಂದಿ ತಂದ ದಿನ ಮಾತ್ರ ಆಕೆ ಗೋಧಿ ಹುಗ್ಗಿ ಮಾಡಿ ನೆರೆಮನೆಗೂ ಕೊಟ್ಟಿದ್ದಳು. ಅಲ್ಲಿಂದ ಮೂರು ವರ್ಷ ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬಂದ, ಬಡಿಸಿದ್ದನ್ನು ಉಂಡ, ಒಮ್ಮೆಯೂ ಕೈ ಎತ್ತಲಿಲ್ಲ. ಕದ್ದು ಕಾಸಿದ ಭಟ್ಟಿಯೇನು ಊರಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಸಿಕ್ಕಿಬಿದ್ದರೆ ನೌಕರಿಗೇ ಕುತ್ತೆಂದು ಅವನು ಅತ್ತ ಸುಳಿದಿರಲಿಲ್ಲ. ಈಗ ಘಟ್ಟ ಇಳಿದರೆ ಆ ಕಾಯಿದೆಯೂ ಇಲ್ಲ, ಆ ಪೋಲೀಸರೂ ಇಲ್ಲ. ಮೂರು ವರ್ಷದ ಬಾಳುವೆ ಮೂರು ದಿನದಲ್ಲಿ ಮಣ್ಣುಪಾಲಾದರೆ ಯಾರನ್ನು ಕೇಳುವುದು? ತಾನು ಬರುವುದಿಲ್ಲವೆಂದರೆ ಒಬ್ಬನೇ ಹೊರಡುತ್ತಿದ್ದ. ಅದಕ್ಕೇ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದು ಗಂಟು ಕಟ್ಟಿದ್ದಳು.

ಗಡಿಯಾಚೆಯ ಕುಳೆಂ ಸ್ಟೇಶನ್ನಿನಲ್ಲಿ ಪರದೇಶದ ಪೋಲೀಸರು ಗಂಟು ಬಿಚ್ಚಿಸಿದರು. ಒಬ್ಬ ಗುರೆಳ್ಳು ಚಟ್ನಿಯ ಪುಡಿಕೆಯನ್ನು ಅನುಮಾನದಿಂದ ಮೂಸಿ ನೋಡಿ, ನಾಲ್ಕು ಸಲ ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ತಿರುಗಿ ಕೊಟ್ಟ. ಅಂಥ ಹೊತ್ತಿನಲ್ಲೂ ದೇವವ್ವನಿಗೆ ನಗು ಬಂತು. ಉಡಚಪ್ಪ ನಗಲಿಲ್ಲ. ಮಡಗಾಂವದ ಛತ್ರದಲ್ಲಿ ಮಲಗಿದ್ದು, ಬೆಳಗಾದ ಮೇಲೆ ಒಂದು ಬಸ್ಸು, ನಡುವೆ ಹೊಳೆ ದಾಟಲು ದೋಣಿ, ಮತ್ತೊಂದು ಬಸ್ಸು. ಪಣಜಿ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು.

ಊರು ಚೆಂದವಿತ್ತು, ಇಲ್ಲವೆನ್ನಲಾಗದು. ನೆತ್ತಿಯ ಮೇಲೆ ಶಿಲುಬೆ ಹೊತ್ತ, ಸುಣ್ಣ ಬಳಿದ ಇಗರ್ಜಿ, ಅದರ ಮುಂದೆ ಎಡಕ್ಕೂ ಬಲಕ್ಕೂ ಹೊರಳಿ ಏರುವ ಮೆಟ್ಟಿಲು, ಲಂಗ ತೊಟ್ಟು ಬರಿತಲೆಯಲ್ಲಿ ಬೀದಿಯಲ್ಲಿ ನಡೆಯುವ ಹೆಂಗಸರು, ಮನೆಯಷ್ಟು ದೊಡ್ಡ ಹಡಗು. "ಅಲ್ಲಿ ನೋಡು", "ಇಲ್ಲಿ ನೋಡು" ಎಂದು ಉಡಚಪ್ಪ ಕೈ ಮಾಡಿ ತೋರಿಸುತ್ತ ಮುಂದೆ ನಡೆದ. ದೇವವ್ವ ಹಿಂದೆ ನಡೆಯುತ್ತ ಅವನು ತೋರಿಸದೇ ಬಿಟ್ಟದ್ದನ್ನು ನೋಡಿದಳು. ತಿರುವಿಗೊಂದು ಶೆರೆ ಅಂಗಡಿ. ಕದ ತೆರೆದಿದೆ, ಬಾಟಲಿಗಳು ಹಲಗೆಯ ಮೇಲೆ ರಾಜಾರೋಷವಾಗಿ ನಿಂತಿವೆ. ಅಂಗಡಿ ಬಂದಾಗಲೆಲ್ಲ ಅವನ ಹೆಜ್ಜೆ ಬಿರುಸಾಗುತ್ತಿತ್ತು, ದಾಟಿದ ಮೇಲೆ ನಿಧಾನವಾಗುತ್ತಿತ್ತು.

ಹೊಳೆಯ ದಂಡೆಯ ಮೇಲೆ, ಅರಮನೆಯಂಥ ಕಟ್ಟಡದ ಪಕ್ಕದಲ್ಲಿ ಒಂದು ಕರಿಯ ಮೂರ್ತಿಯಿತ್ತು. ನಿಲುವಂಗಿಯ ಗಂಡಸು ಎರಡೂ ಕೈ ಚಾಚಿ ನಿಂತಿದ್ದಾನೆ; ಅವನ ಕೈಕೆಳಗೆ ಒಬ್ಬ ಹೆಂಗಸು ಹಿಂದಕ್ಕೆ ವಾಲಿ ಬೀಳುತ್ತಿದ್ದಾಳೆ. ದೇವವ್ವ ಅಲ್ಲೇ ನಿಂತುಬಿಟ್ಟಳು.

"ಅಂವ ಆಕಿನ್ನ ಯಾಕ ಬಡ್ಯಾಕತ್ತಾನ್ರಿ?"

"ಬಡ್ಯಾಕತ್ತಿಲ್ಲ. ಅಂವ ಯಾರೋ ದೊಡ್ಡ ವೈದ್ಯ ಅಂತ, ಬಸ್ಸಿನ್ಯಾಗ ಒಬ್ಬಾಂವ ಹೇಳ್ತಿದ್ದ. ಹಂಗ ಕೈ ಮಾಡಿ ನಿದ್ದಿ ಬರಸ್ತಿದ್ನಂತ."

"ಹೌದೇನ್ರಿ? ನನಗ ಬ್ಯಾರೆನ ಕಂಡಿತು."

ಉಡಚಪ್ಪ ಮೂರ್ತಿಯ ಕಡೆಗೆ ಮತ್ತೆ ನೋಡಲಿಲ್ಲ. ನೇರ ಸಮುದ್ರದ ದಂಡೆಗೆ ನಡೆದ. ಅಲ್ಲಿ ದೇವವ್ವ ಸೀರೆಯನ್ನು ಮೀನಗಂಡದವರೆಗೆ ಎತ್ತಿ ಹಿಡಿದು ನೀರಲ್ಲಿ ನಿಂತಳು. ತೆರೆ ಬಂದು ಕಾಲಡಿಯ ಮರಳನ್ನು ಸೆಳೆದುಕೊಂಡು ಹೋದಾಗ "ಎವ್ವಾ!" ಎಂದು ಕೂಗಿ ನಕ್ಕಳು. ತಿರುಗಿ ನೋಡಿದರೆ ಗಂಡ ಸಮುದ್ರಕ್ಕೆ ಬೆನ್ನು ಕೊಟ್ಟು ಊರ ಕಡೆಗೆ ನೋಡುತ್ತಿದ್ದ.

ಹೊತ್ತು ಇಳಿಯುವಾಗ ಊರೊಳಗೆ ಬಂದರು. "ನೀ ಈ ಕಟ್ಟಿ ಮ್ಯಾಲೆ ಕುಂಡ್ರು. ಒಂದ ಕಟ್ಟ ಬೀಡಿ ತಗೊಂಡ ಬರ್ತೀನಿ" ಅಂದ ಉಡಚಪ್ಪ.

ಬೀಡಿಕಟ್ಟು ಅವನ ಅಂಗಿಯ ಕಿಸೆಯಲ್ಲೇ ಇತ್ತು. ಅವನು ಓಣಿಯ ತಿರುವಿನಲ್ಲಿ ಮರೆಯಾದ. ದೇವವ್ವ ಕಟ್ಟೆಯ ಮೇಲೆ ಕೂತಳು. ಬೆಟಗೇರಿಯಲ್ಲೂ ಹೀಗೇ, ಶೆರೆ ಅಂಗಡಿಯ ಎದುರಿಗೆ ಸಿಂಪಿಗರ ಕಟ್ಟೆಯ ಮೇಲೆ, ತಲೆತುಂಬ ಸೆರಗು ಹೊದ್ದು, ಅವನು ಹೊರಬರುವುದನ್ನು ಕಾಯುತ್ತ ಎಷ್ಟು ಸಂಜೆ ಕೂತಿರಲಿಲ್ಲ? ಒಳಗೆ ಕಾಲಿಡುವುದುಂಟೇ? ಮರ್ಯಾದೆ ಕಳೆದುಹೋಗುತ್ತಿತ್ತು. ಯಾರ ಮರ್ಯಾದೆ ಎಂದು ಆಗ ಕೇಳಿಕೊಂಡಿರಲಿಲ್ಲ. ಈಗ ಮೈಯೆಲ್ಲ ಸಿಟ್ಟು ಹತ್ತಿಕೊಂಡು ಉರಿಯಿತು. ಗಂಟನ್ನು ಬಗಲಲ್ಲಿ ಇರುಕಿಕೊಂಡು ಎದ್ದಳು.

ಮೂಲೆಯ ಅಂಗಡಿಯೊಳಗೆ ಉಡಚಪ್ಪ ಒಬ್ಬನೇ ಕೂತಿದ್ದ. ಎದುರಿಗೆ ಗಾಜಿನ ಲೋಟ. ಅದರ ತುಂಬ ನೀರಿನಂತೆ ತಿಳಿಯಾದ ಶೆರೆ. ಕೊರಳಲ್ಲಿ ಬಂಗಾರದ ಶಿಲುಬೆ ಹಾಕಿಕೊಂಡ ಒಬ್ಬ ದಪ್ಪ ಹೆಂಗಸು ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದಳು.

"ಏ! ನೀ ಯಾಕ ಬಂದಿ? ಹೆಣಮಕ್ಕಳು ಬರೂ ಜಾಗಾ ಅಲ್ಲ ಇದು."

"ಅಂಗಡಿ ಇಟ್ಟಾಕಿನೂ ಹೆಣಮಗಳ ಅದಾಳಲ್ರಿ." ದೇವವ್ವ ಸ್ಟೂಲು ಎಳೆದುಕೊಂಡು ಅವನಿಗೆ ಎದುರಾಗಿ ಕೂತಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಗಂಡನ ಸರಿಸಮ ಹೀಗೆ ಕೂತದ್ದು ಇದೇ ಮೊದಲು. "ಕುಡೀರಿ."

"ಚಾಷ್ಟಿ ಮಾಡ್ತೀ ಏನ?"

"ಖರೇನ ಹೇಳಾಕತ್ತೀನ್ರಿ. ಕುಡದ ಬಂದವರನ್ನ ಭಾಳ ವರ್ಷ ನೋಡೇನಿ. ಕುಡಿಯೂದನ್ನ ಒಮ್ಮೆನೂ ನೋಡಿಲ್ಲ. ಇಗರ್ಜಿ ತೋರಿಸಿದ್ರಿ, ಹಡಗ ತೋರಿಸಿದ್ರಿ. ಇದನ್ನೂ ತೋರಸ್ರಿ."

ಉಡಚಪ್ಪನ ಕೈ ಲೋಟದ ಹತ್ತಿರ ಹೋಗಿ ನಿಂತಿತು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ:

"ಮೂರ ವರ್ಷ ಆತು ಬಿಟ್ಟು. ಬಿಟ್ಟಾಂವ ನಾನೋ, ಬಿಡಿಸಿದ್ದು ಸರಕಾರೋ, ನನಗ ತಿಳೀವಲ್ದು. ಎಲ್ಲಾರೂ ನಗತಾರ. ಯಾವದು ಖರೇ ಅಂತ ಒಮ್ಮೆ ನೋಡೇಬಿಡೂನು ಅಂತ ಬಂದೆ."

"ನೋಡ್ರಿ ಹಂಗಾರ. ನಾನೂ ನೋಡ್ತೀನಿ."

ಬಾಯಲ್ಲಿ ಹಾಗೆ ಅಂದಳೇ ಹೊರತು ಆಕೆಯ ಜೀವ ಬಾಯಿಗೆ ಬಂದಿತ್ತು. ಅವನು ಲೋಟ ಎತ್ತಿದ. ಗದ್ದದವರೆಗೆ ತಂದ. ವಾಸನೆಗೆ ಅವನ ಮೂಗಿನ ಹೊಳ್ಳೆಗಳು ಅರಳಿದ್ದನ್ನು ಆಕೆ ಕಂಡಳು. ಅವನು ಆಕೆಯ ಕಣ್ಣು ನೋಡಿದ; ಆಕೆ ರೆಪ್ಪೆ ಬಡಿಯಲಿಲ್ಲ. ಲೋಟ ಮತ್ತೆ ಮೇಜಿನ ಮೇಲೆ ಕೂತಿತು.

"ಹೊರಗ ಹೋಗಿ ಕುಂಡ್ರ ಲೇ" ಎಂದ ಉಡಚಪ್ಪ. "ನಿನ್ನ ಮುಂದ ಆಗೂದಿಲ್ಲ ನನಗ."

"ಒಲ್ಲೆ."

ಬೀದಿಯಲ್ಲಿ ಗಾಡಿಗಳು ಹೋದವು, ಬಂದವು. ಎಲ್ಲೋ ಇಗರ್ಜಿಯ ಗಂಟೆ ಹೊಡೆಯಿತು. ಕೊನೆಗೆ ಉಡಚಪ್ಪ ಒಂದೇ ಬೆರಳಿನಿಂದ ಲೋಟವನ್ನು ಮೇಜಿನ ಅಂಚಿಗೆ ತಳ್ಳಿ, ಅಂಗೈಯಿಂದ ಮುಖ ಒರೆಸಿಕೊಂಡ. ಅಂಗಡಿಯಾಕೆ ಬಂದು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಆಕೆ ಲೋಟ ಎತ್ತಿಕೊಂಡಳು. ಬಾಟಲಿಯ ಬಾಯಿಗೆ ಲಾಳಿಕೆಯಿಟ್ಟು, ಒಂದು ಹನಿಯೂ ಚೆಲ್ಲದಂತೆ ಅದನ್ನು ತಿರುಗಿ ಸುರಿದಳು. ಬೂಚು ಒತ್ತಿ, ಬಾಟಲಿಯ ಮೈ ಒರೆಸಿ, ಹಲಗೆಯ ಮೇಲೆ ಮುಂದಿನ ಸಾಲಿನಲ್ಲೇ ಇಟ್ಟಳು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದರು.