ನೂರೊಂದು ಮರಗಳ ಹಾಡಿ

ಮೂವತ್ತೇಳನೆಯ ಮರ ನೆಟ್ಟ ಕೂಡಲೇ ಲ್ಯಾಪ್‌ಟಾಪ್ ಆರಿಹೋಗುತ್ತಿತ್ತು. ಮೂವತ್ತಾರರವರೆಗೆ ಏದುಸಿರು ಬಿಡುತ್ತ ಹೇಗೋ ಬರುತ್ತಿತ್ತು. ಮೂವತ್ತೇಳಕ್ಕೆ ಅದರ ಫ್ಯಾನು ಒಮ್ಮೆ ಕಿರುಚಿ, ಪರದೆ ನೀಲಿಯಾಗಿ, ಆಮೇಲೆ ಕಪ್ಪಾಗುತ್ತಿತ್ತು. ಹಾಡಿ, ಹುಡುಗಿ, ಅವಳ ಕೈಯ ಹಣತೆ ಎಲ್ಲವೂ ಆ ಕಪ್ಪಿನೊಳಗೆ. ಕೀಲಿಗಳ ಮೇಲೆ ಕೈಯಿಟ್ಟರೆ ಕಾವಲಿಯ ಅಂಚು ಮುಟ್ಟಿದ ಹಾಗೆ ಸುಡುತ್ತಿತ್ತು.

ಅದು ನನ್ನ ಅಮ್ಮಮ್ಮ ಉಮಾವತಿ ಹೇಳುತ್ತಿದ್ದ ಕಥೆ. ಒಬ್ಬಳು ಹುಡುಗಿ ಹಣತೆ ಹಿಡಿದು, ಊರಂಚಿನ ಹಾಡಿಯನ್ನು, ಆ ಸಣ್ಣ ಕಾಡನ್ನು ದಾಟಿ, ಕಡಲಿಗೆ ಬೆಳಕು ಮುಟ್ಟಿಸಬೇಕು. ಹಾಡಿಯಲ್ಲಿ ನೂರೊಂದು ಮರ. ಒಂದೊಂದೂ ಅವಳನ್ನು ತಡೆದು ಒಂದು ಪ್ರಶ್ನೆ ಕೇಳುತ್ತದೆ. ನಿನ್ನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು ಎಂದು ಹಲಸಿನ ಮರ. ನೀನು ಯಾರಿಗೂ ಹೇಳದೆ ಅತ್ತದ್ದು ಯಾವಾಗ ಎಂದು ಹೊನ್ನೆ ಮರ. ಸರಿಯಾಗಿ ಹೇಳಿದರೆ ದಾರಿ, ಸುಳ್ಳು ಹೇಳಿದರೆ ಹಣತೆಯ ಎಣ್ಣೆ ಒಂದು ಬೆರಳು ಕಡಿಮೆ. ಬಿಜೂರಿನ ನಮ್ಮ ಮನೆಯ ಚಾವಡಿಯಲ್ಲಿ ಅಮ್ಮಮ್ಮನ ತೊಡೆಯ ಮೇಲೆ ತಲೆಯಿಟ್ಟು ನಾನು ಆ ಹಾಡಿಯನ್ನು ಎಷ್ಟು ಸಲ ದಾಟಿದ್ದೆನೋ. ಗದ್ದೆಯಾಚೆಯ ಮರಗಳ ಅಡಿಯಲ್ಲಿ ಶಾಲೆಗೆ ಹೋಗುವಾಗ, ಕೇಳಿದರೆ ಏನು ಹೇಳಲಿ ಎಂದು ಉತ್ತರ ಕಟ್ಟಿಕೊಂಡೇ ನಡೆಯುತ್ತಿದ್ದೆ.

ಈಗ ಆ ಕಥೆಯನ್ನು ಕಂಪ್ಯೂಟರ್ ಆಟವಾಗಿ ಮಾಡುತ್ತಿದ್ದೆ. ಬ್ರಹ್ಮಾವರದಲ್ಲಿ ಐದು ಮಂದಿ ಸೇರಿ ಮಕ್ಕಳಿಗಾಗಿ ಕನ್ನಡದ ಆಟಗಳನ್ನು ತಯಾರಿಸುತ್ತಾರೆ. ಅದನ್ನು ನಡೆಸುವವರು ಸಾಲಿಗ್ರಾಮದ ಕ್ಷಮಾ. ಆರನೆಯವರೊಬ್ಬರು ಬೇಕೆಂದು ಅವರು ಹಾಕಿದ್ದ ಜಾಹೀರಾತನ್ನು ನೋಡಿ ನಾನು ಕಾಗದ ಬರೆದಿದ್ದೆ: ನೂರೊಂದು ಮರ, ನೂರೊಂದು ಪ್ರಶ್ನೆ, ನೂರೊಂದು ದನಿ. ಸೋಮವಾರ ಬನ್ನಿ, ಐದು ನಿಮಿಷ ನಿಲ್ಲದೆ ಓಡುವ ಒಂದು ಮಾದರಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ತೋರಿಸಿ ಎಂದು ಉತ್ತರ ಬಂತು. ಅದು ಓಡಿದರೆ ನಾನು ಆರನೆಯವಳು. ಓಡದಿದ್ದರೆ ಬೈಂದೂರಿನ ಝೆರಾಕ್ಸ್ ಅಂಗಡಿಯಲ್ಲಿ, ಗಾಜಿನ ಮೇಲೆ ಪರರ ಆಧಾರ್ ಕಾರ್ಡು ಮಗುಚಿ ಹಾಕುವ ಕೆಲಸ ಇದ್ದೇ ಇದೆ. ಎರಡು ವರ್ಷ ಅದನ್ನೇ ಮಾಡಿ ಈ ಲ್ಯಾಪ್‌ಟಾಪ್ ಕೊಂಡಿದ್ದೆ.

ಕೊಂಡದ್ದು ಮೇ ತಿಂಗಳಲ್ಲಿ, ಕುಂದಾಪುರದ ಉಲ್ಲಾಸಣ್ಣನ ಅಂಗಡಿಯಿಂದ. ಅವರ ತಾಯಿಯ ಮನೆ ಯಡ್ತರೆಯಲ್ಲಿ, ಅಮ್ಮಮ್ಮನಿಗೆ ಗುರುತಿನವರು. ಗೇಮ್ ಆಡುವವರಿಗೆಂದೇ ಮಾಡಿದ ಲ್ಯಾಪ್‌ಟಾಪ್, ಆಟ ಮಾಡುವವರಿಗೂ ಇದೇ ಸರಿ ಎಂದು ಅವರು ತೋರಿಸಿದರು. ಮೆಮೊರಿ ಕಡಿಮೆಯಾಯಿತಲ್ಲ ಎಂದು ನಾನು ಅನುಮಾನಿಸಿದಾಗ ಮೆಮೊರಿ ಕೂರಿಸುವ ಸ್ಲಾಟ್ ಒಂದು ಖಾಲಿ ಇದೆ, ಎಂಟು ಜಿಬಿ ಉಚಿತ ಎಂದು ಬಿಲ್ಲಿನ ಹಿಂದೆ ತಮ್ಮ ಪೆನ್ನಿನಲ್ಲೇ ಬರೆದುಕೊಟ್ಟರು.

"ಒಳ್ಗ್ ಇನ್ನೊಂದ್ ಸ್ಲಾಟ್ ಖಾಲಿ ಇತ್ತ್. ನೀನ್ ನಮ್ಮೂರ್ ಹೆಣ್ಣ್, ಇನ್ನೆಂಟ್ ಜಿಬಿ ನಾನೇ ಫ್ರೀ ಹಾಕಿ ಕೊಡ್ತೆ" ಎಂದರು.

ಜೂನಿನಲ್ಲೇ ಅದು ಬಿಸಿಯಾಗಿ ಆರತೊಡಗಿತು. ಎರಡು ಸಲ ಒಯ್ದೆ. ಎರಡು ಸಲವೂ ಸಾಫ್ಟ್‌ವೇರ್ ಹೊಸದಾಗಿ ಹಾಕಿ, ಚಾ ಕುಡಿಸಿ ಕಳಿಸಿದರು. ಮೆಮೊರಿ ಕೇಳಿದರೆ ಆಸಾಡಿ ತಿಂಗಳು ಕಳೆಯಲಿ ಎಂದರು. ಆಸಾಡಿ ಕಳೆಯಿತು. ಅಷ್ಟಮಿಗೆ ಸ್ಟಾಕು ಬರುತ್ತದೆ ಎಂದರು, ಚೌತಿಗೆ ಬರುತ್ತದೆ ಎಂದರು, ಕೊನೆಗೆ ನವರಾತ್ರಿಗೆ ಬಂದೇ ಬರುತ್ತದೆ ಎಂದರು. ನನಗೆ ಸಿಟ್ಟು ಬರುತ್ತಿರಲಿಲ್ಲ. ಆ ಖಾಲಿ ಸ್ಲಾಟನ್ನು ನೆನೆಯುತ್ತ ಕೂರುತ್ತಿದ್ದೆ. ಯಂತ್ರದೊಳಗೆ ಎಲ್ಲೋ ಒಂದು ಸಣ್ಣ ಕೋಣೆ, ಗುಡಿಸಿ ಚಾಪೆ ಹಾಸಿಟ್ಟು ನೆಂಟರ ದಾರಿ ಕಾಯುತ್ತಿದೆ. ನೆಂಟರು ಬಂದ ದಿನ ನೂರೊಂದು ಮರವೂ ಒಮ್ಮೆಲೇ ಎದ್ದು ನಿಲ್ಲುತ್ತದೆ.

ಕ್ಷಮಾ ಅವರು ಕರೆದ ಸೋಮವಾರಕ್ಕೆ ಐದು ದಿನ ಮುಂಚೆ ನಮ್ಮಲ್ಲಿ ಹೊಸ್ತು. ಗದ್ದೆಯ ಹೊಸ ತೆನೆಯನ್ನು ಮನೆಗೆ ತಂದು, ಮಾವಿನೆಲೆ ಹಲಸಿನೆಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದು, ಮನೆಯ ಎಲ್ಲದಕ್ಕೂ ಕದಿರು ಕಟ್ಟುವ ದಿನ. ಬಾಗಿಲು, ಕಡೆಯುವ ಕಲ್ಲು, ಬಾವಿಯ ರಾಟೆ, ಪಂಪಿನ ಸ್ವಿಚ್ಚು, ಮಿಕ್ಸಿ, ಮಾವನ ಬೈಕು, ಯಾವುದನ್ನೂ ಅಮ್ಮಮ್ಮ ಬಿಡುವವರಲ್ಲ. ನಾನು ಒಳಗೆ ಪಾಯಸಕ್ಕೆ ಕಾಯಿ ಹೆರೆಯುತ್ತಿದ್ದೆ. ಹೊರಗೆ ಬಂದು ನೋಡಿದರೆ ನನ್ನ ಲ್ಯಾಪ್‌ಟಾಪಿಗೂ ಕದಿರು ಕಟ್ಟಿತ್ತು. ನಾರು ಸಿಕ್ಕಿಸಲು ಬೇರೆ ತೂತು ಸಿಗದೆ, ಗಾಳಿ ಹೋಗುವ ಸಂದಿಯಲ್ಲೇ ತೂರಿಸಿ ಗಂಟು ಹಾಕಿದ್ದರು.

"ನಾಳೆ ನಿಂಗ್ ಅನ್ನ ಕೊಡುದ್ ಇದೇ ಅಲ್ದಾ ಮಗಾ?" ಎಂದರು.

ಬಿಚ್ಚು ಎನ್ನಲು ಬಾಯಿ ಬರಲಿಲ್ಲ. ಕಟ್ಟಿದ ಕದಿರನ್ನು ಬಿಚ್ಚುವ ಪದ್ಧತಿಯೂ ಇಲ್ಲ, ಅದು ಮುಂದಿನ ಹೊಸ್ತಿನವರೆಗೆ ಹಾಗೇ ಒಣಗಿಕೊಂಡಿರುತ್ತದೆ. ಮರುದಿನ ಕದಿರು ನೇತಾಡುತ್ತಿದ್ದ ಹಾಗೆಯೇ ಮುಚ್ಚಳ ತೆರೆದು ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರಕರ ಸದ್ದು ಬಂತು. ಆಮೇಲೆ ಹನ್ನೆರಡನೆಯ ಮರಕ್ಕೇ ಆರಿಹೋಯಿತು. ಆ ಸದ್ದನ್ನು ಅಮ್ಮಮ್ಮನೂ ಕೇಳಿಸಿಕೊಂಡರು. ತೆನೆಯ ತುದಿಯಲ್ಲಿ ಒಂದು ಭತ್ತ ಕಡಿಮೆಯಾದ ಜಾಗವನ್ನೇ ನೋಡುತ್ತ ನಿಂತರು.

ಶುಕ್ರವಾರ ಬೆಳಿಗ್ಗೆ ಕುಂದಾಪುರಕ್ಕೆ, ಉಲ್ಲಾಸಣ್ಣನ ಅಂಗಡಿಗೆ ಹೋದೆ. ರಿಪೇರಿ ಮಾಡುವ ರತನ್ ಎಂಬವರು ಅಲ್ಲಿಯ ಮೇಜಿನಲ್ಲಿ ಲ್ಯಾಪ್‌ಟಾಪನ್ನು ಕವುಚಿ ಮಲಗಿಸಿ, ಸ್ಕ್ರೂಗಳನ್ನು ಬಿಚ್ಚಿ ತಳವನ್ನು ಎತ್ತಿದರು. ನಾನು ಅದರ ಒಳಗನ್ನು ನೋಡಿದ್ದು ಅದೇ ಮೊದಲು. ಫ್ಯಾನಿನ ರೆಕ್ಕೆಗೆ ಒಂದು ಭತ್ತ ಸಿಕ್ಕಿಕೊಂಡು, ತಿರುಗಿ ತಿರುಗಿ ಅರ್ಧ ಸಿಪ್ಪೆ ಸುಲಿದು, ಅಕ್ಕಿಯ ಬಿಳಿ ಕಾಣುತ್ತಿತ್ತು. ಉಲ್ಲಾಸಣ್ಣ ಅದನ್ನು ಚಿಮಟದಲ್ಲಿ ಹಿಡಿದು ಬಿಳಿ ಕಾಗದದ ಮೇಲಿಟ್ಟರು.

"ಕಾಣ್ ಅಕ್ಷಿತಾ. ಕಂಪನಿಯವ್ರ್ ಇದನ್ ಕಂಡ್ರೆ ವಾರಂಟಿ ಇಲ್ಲ ಅಂತ್ರ್. ಮೆಮೊರಿ ಹಾಕುದೂ ಇನ್ನ್ ಆತಿಲ್ಲ. ನನ್ ಕೈಲ್ ಎಂತ ಇತ್ತ್ ಹೇಳ್?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ನೂರೊಂದು ಮರವನ್ನು ಒಂದು ಭತ್ತದ ಕಾಳು ಕೊಂದಿತು ಎಂದುಕೊಂಡೆ. ಅವರ ಕಣ್ಣು ತಪ್ಪಿಸಲು ತೆರೆದ ಯಂತ್ರವನ್ನೇ ನೋಡುತ್ತ, ನನ್ನ ಆ ಸಣ್ಣ ಕೋಣೆ ಎಲ್ಲಿದೆಯೆಂದು ಹುಡುಕತೊಡಗಿದೆ. ಕೊನೆಗೆ ಒಂದು ಸಲ ನೋಡಿಕೊಂಡಾದರೂ ಹೋಗೋಣ ಎಂದು. ಹಸಿರು ಹಲಗೆ, ಅದಕ್ಕೆ ಅಂಟಿಕೊಂಡ ಕರಿ ಬಿಲ್ಲೆಗಳು, ಬ್ಯಾಟರಿ, ಫ್ಯಾನು. ವೀಡಿಯೋಗಳಲ್ಲಿ ನೋಡಿದ್ದ ಆ ಉದ್ದನೆಯ ಸೀಳು ಎಲ್ಲೂ ಕಾಣಲಿಲ್ಲ.

"ಖಾಲಿ ಸ್ಲಾಟ್ ಯಾವ್ದ್?" ಎಂದು ರತನ್ ಅವರನ್ನು ಕೇಳಿದೆ.

ಅವರು ಉಲ್ಲಾಸಣ್ಣನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದರು.

"ಈ ಮಾಡೆಲ್ಲಿಗ್ ಸ್ಲಾಟೇ ಇಲ್ಲ. ಮೆಮೊರಿ ಬೋರ್ಡಿಗೇ ಬೆಸುಗಿ ಹಾಕಿದ್ದ್. ತೆಗುಕೂ ಆತಿಲ್ಲ, ಸೇರ್ಸೂಕೂ ಆತಿಲ್ಲ."

ಉಲ್ಲಾಸಣ್ಣ ಕಂಪನಿಯ ಚೀಟಿಯಲ್ಲಿ ಹಾಗೆ ಇತ್ತು ಎಂದರು, ತಾನು ಒಳಗೆ ಇಣುಕಿ ನೋಡಿದ್ದೇನೂ ಇಲ್ಲವಲ್ಲ ಎಂದರು. ನಾನು ಬಿಲ್ಲನ್ನು ತೆಗೆದು ಮುಂದೆ ಹಿಡಿದೆ. ಬರೆದದ್ದನ್ನು ಹೊಡೆದುಹಾಕಿ, ಸ್ಲಾಟ್ ಇಲ್ಲ ಎಂದು ಅದರ ಕೆಳಗೆ ಬರೆದುಕೊಡಿ ಎಂದೆ.

"ಅದೆಲ್ಲ ಎಂತಕ್ ಮಾರಾಯ್ತಿ? ದೀಪಾವಳಿಗ್ ಹೊಸ ಮಾಡೆಲ್ ಬತ್ತ್. ಎಕ್ಸ್‌ಚೇಂಜ್ ಮಾಡಿ ಕೊಡ್ತೆ, ನೀನೇ ಖುಷಿ ಪಡ್ತೆ ಕಾಣ್."

ಲ್ಯಾಪ್‌ಟಾಪ್ ಮಾರಿದ ದಿನದ ಅದೇ ನಗು. ಅವರು ಮೋಸಗಾರರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಹೇಳುವ ಹೊತ್ತಿಗೆ ಅವರು ಅದನ್ನು ನಂಬಿಯೇ ಹೇಳುತ್ತಿದ್ದರು, ಈಗ ದೀಪಾವಳಿಯನ್ನು ನಂಬಿದ ಹಾಗೆ. ಅಷ್ಟರಲ್ಲಿ ಮೊಬೈಲಿಗೆ ಕವರು ಕೇಳಿಕೊಂಡು ಯಾರೋ ಬಂದರು. ಉಲ್ಲಾಸಣ್ಣ ಅವರ ಕಡೆಗೆ ತಿರುಗಿದರು. ಪೆನ್ನು ಅಂಗಿಯ ಕಿಸೆಯಲ್ಲೇ ಉಳಿಯಿತು.

ರತನ್ ಫ್ಯಾನು ಒರೆಸಿ, ತಳ ಮುಚ್ಚಿ, ಬಾಗಿಲವರೆಗೆ ತಂದುಕೊಟ್ಟರು. ಇದು ಭತ್ತದಿಂದ ಆದದ್ದಲ್ಲ, ಜೂನಿನಲ್ಲಿ ನೀವು ತಂದಾಗಲೇ ಬಿಸಿ ಹೀಗೇ ಇತ್ತು, ಭತ್ತ ಸದ್ದು ಮಾಡಿತು ಅಷ್ಟೇ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕಿತ್ತು. ಬಸ್ಸು ಮರವಂತೆ ದಾಟುವಾಗ ಕೇಳಬೇಕೆನಿಸಿತು. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಹೊಳೆ, ನಡುವೆ ತೊಡೆಯ ಮೇಲೆ ಆ ಭಾರ.

ಮನೆಗೆ ಬಂದರೆ ಪಂಪಿನ ಸ್ವಿಚ್ಚಿನಲ್ಲಿ ಕದಿರು ಇರಲಿಲ್ಲ. ಮಿಕ್ಸಿಯದೂ ಇಲ್ಲ, ಮಾವನ ಬೈಕಿನದೂ ಇಲ್ಲ. ಕರೆಂಟಿನಿಂದಲೋ ಎಣ್ಣೆಯಿಂದಲೋ ನಡೆಯುವ ಎಲ್ಲದರಿಂದಲೂ ಬಿಚ್ಚಿ, ಅಮ್ಮಮ್ಮ ಒಂದು ಗೆರಸೆಯಲ್ಲಿ ಗುಡ್ಡೆ ಹಾಕಿಕೊಂಡು ಚಾವಡಿಯಲ್ಲಿ ಕೂತಿದ್ದರು. ಅವರ ಆಯುಷ್ಯದಲ್ಲಿ ಕಟ್ಟಿದ ಕದಿರು ಬಿಚ್ಚಿದ್ದು ಇದೇ ಮೊದಲಿರಬೇಕು.

"ನನ್ ಕೈಯಿಂದ್ಲೇ ನಿನ್ ಕೆಲ್ಸ ಹಾಳಾಯ್ತಲ್ಲ ಮಗಾ."

"ನೀ ಕಟ್ಟಿದ್ದಕ್ಕಲ್ಲ ಅಮ್ಮಮ್ಮ. ಅದ್ರೊಳ್ಗ್ ಜಾಗ್ವೇ ಇರ್ಲಿಲ್ಲ."

ನಡೆದದ್ದೆಲ್ಲ ಹೇಳಿದೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಗೆರಸೆಯ ಅಂಚನ್ನು ಸವರುತ್ತಲೇ ಇದ್ದರು. ಅವರ ಬೆರಳುಗಳನ್ನು ನೋಡಲಾಗದೆ, ಹಾಗಾದರೆ ನೀನೇ ಒಂದು ಸಹಾಯ ಮಾಡು ಎಂದೆ. ಹಾಡಿಯಲ್ಲಿ ಮರ ಕಡಿಮೆ ಮಾಡಬೇಕು, ಯಾವುದನ್ನು ಉಳಿಸಲಿ ಹೇಳು.

ಶನಿವಾರ ಮಧ್ಯಾಹ್ನ ಇಬ್ಬರೂ ಕೂತೆವು. ನಾನು ಮಾಡಿಟ್ಟಿದ್ದ ಮೂವತ್ತಾರು ಮರಗಳ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಹಲಸಿಗೆ ಹೂಂ ಎಂದರು, ಹೊನ್ನೆಗೆ ಹೂಂ ಎಂದರು. ನಿನ್ನ ನೆರಳು ನಿನ್ನನ್ನು ಬಿಟ್ಟು ಹೋದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಧೂಪದ ಮರಕ್ಕೆ ಬಂದಾಗ ತಡೆದರು. ಇದು ನನ್ನದಲ್ಲ ಎಂದರು. ನೀನೇ ಹೇಳಿದ್ದು, ನನಗೆ ನಿನ್ನ ದನಿಯೇ ಕಿವಿಯಲ್ಲಿದೆ ಎಂದೆ. ಅವರು ಅಲ್ಲವೇ ಅಲ್ಲ ಎಂದರು. ಓದುತ್ತ ಹೋದ ಹಾಗೆ ಅಂಥವು ಹೆಚ್ಚಾದವು.

"ನನ್ನಬ್ಬಿ ನಂಗ್ ಹೇಳಿಕೊಟ್ಟದ್ದ್ ಹದ್ನೇಳೇ. ನೂರೊಂದ್ ಯಾರಿಗ್ ಗೊತ್ತಿತ್ತ್? ಹದ್ನೇಳ್ ಆಪ್ದ್ರೊಳ್ಗ್ ನೀನ್ ಒರ್ಗಿ ಆಯ್ತಿತ್ತ್."

ಅವರ ತಾಯಿಯ ಆ ಹದಿನೇಳು ಮುಗಿಯುವ ಮುಂಚೆಯೇ ನನಗೆ ನಿದ್ದೆ ಹತ್ತುತ್ತಿತ್ತು, ಅವರು ನಿಲ್ಲಿಸುತ್ತಿದ್ದರು. ನಿದ್ದೆಯೊಳಗೂ ನಿಲ್ಲದೆ ನಡೆದವಳು ನಾನೊಬ್ಬಳೇ. ಬಾಲ್ಯವಿಡೀ ದಾಟಿದ್ದೇನೆಂದುಕೊಂಡಿದ್ದ ಹಾಡಿಯಲ್ಲಿ ಹೆಚ್ಚಿನ ಪಾಲು ಯಾರೂ ಹೇಳಿದ್ದೇ ಅಲ್ಲ. ಯಾಕೋ ಕುಂದಾಪುರದಲ್ಲಿ ತಳ ಎತ್ತಿ ನೋಡಿದ ಕ್ಷಣಕ್ಕಿಂತ ಇದು ಹೆಚ್ಚು ನೋಯಿಸಿತು. ಅಮ್ಮಮ್ಮನ ಮೇಲೆ ಸಿಟ್ಟು ಮಾಡಲು ಯಾವ ಕಾರಣವೂ ಇರಲಿಲ್ಲ, ಅದೇ ಕಷ್ಟ. ಅವರು ಉಳಿಸಿಕೋ ಎಂದದ್ದು ಆ ಹದಿನೇಳನ್ನು ಮಾತ್ರ. ನಿನ್ನವೂ ಚಂದವೇ ಇವೆ, ಆದರೆ ಆ ಹುಡುಗಿಯನ್ನು ಅವು ಸುಮ್ಮನೆ ನಿಲ್ಲಿಸಿಕೊಳ್ಳುತ್ತವೆ, ಕಡಲಿಗೆ ಬಿಡುವುದಿಲ್ಲ ಎಂದರು. ಭಾನುವಾರ ನನ್ನ ಹತ್ತೊಂಬತ್ತು ಮರಗಳನ್ನು ಒಂದೊಂದಾಗಿ ಅಳಿಸಿದೆ. ಧೂಪದ ಮರವನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಸೋಮವಾರ ಬ್ರಹ್ಮಾವರದ ಆ ಮಹಡಿಯ ಕೋಣೆಯಲ್ಲಿ ಕ್ಷಮಾ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಆಡಿದರು. ಫ್ಯಾನಿನ ಸದ್ದಿಗೆ ಉಳಿದ ನಾಲ್ವರೂ ತಿರುಗಿ ನೋಡಿದರು. ಹತ್ತನೆಯ ಮರಕ್ಕೆ ಕ್ಷಮಾ ಒಂದು ಸುಳ್ಳು ಹೇಳಿದರು, ಎಣ್ಣೆ ಇಳಿಯಿತು, ಅವರು ಸಣ್ಣಗೆ ಛೆ ಎಂದರು. ಐದು ನಿಮಿಷ ದಾಟಿ ಸ್ವಲ್ಪದರಲ್ಲಿ ಹುಡುಗಿ ಕಡಲು ಮುಟ್ಟಿದಳು. ನಾನು ಉಸಿರು ಬಿಟ್ಟೆ. ಇನ್ನೊಮ್ಮೆ ಆಡುತ್ತೇನೆ ಎಂದು ಅವರು ಮೊದಲಿನಿಂದ ಶುರುಮಾಡಿದಾಗ ನಾಲ್ಕನೆಯ ಮರದ ಬಳಿ ಎಲ್ಲವೂ ಕಪ್ಪಾಯಿತು.

ಅವರು ಕಪ್ಪು ಪರದೆಯನ್ನು ನೋಡಿದರು, ನನ್ನ ಕಾಗದವನ್ನು ನೋಡಿದರು.

"ನೂರೊಂದ್ ಅಂತ ಬರ್ದಿದ್ರಿ ಅಲ್ದಾ? ನಾನ್ ಎಣ್ಸದ್ದ್ ಹದ್ನೇಳ್."

ಉಳಿದದ್ದು ಬರುತ್ತದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ ಲ್ಯಾಪ್‌ಟಾಪ್ ಸಿಗಲಿ, ದೀಪಾವಳಿ ಕಳೆಯಲಿ. ಹೇಳುವ ಹೊತ್ತಿಗೆ ನಾನೂ ಅದನ್ನು ನಂಬಿಯೇ ಹೇಳುತ್ತಿದ್ದೆ.

"ಹದಿನೇಳೇ ಇರೂದ್" ಎಂದೆ. "ಅವು ನನ್ನ ಅಮ್ಮಮ್ಮನವು. ನಂದ್ ಹತ್ತೊಂಬತ್ತಿತ್ತ್, ತೆಗ್ದೆ. ಉಳದ್ದ್ ಯಾರ್ ಹತ್ರವೂ ಇಲ್ಲ."

ಕ್ಷಮಾ ಕಾಗದದಲ್ಲಿ ನೂರೊಂದರ ಸುತ್ತ ಪೆನ್ನಿನಿಂದ ಒಂದು ಸುತ್ತು ಹಾಕಿದರು. ಯಾಕೆ ಹಾಕಿದರೋ ತಿಳಿಯಲಿಲ್ಲ. ಉಳಿದವರ ಜೊತೆ ಮಾತಾಡಿ ಗುರುವಾರ ಫೋನ್ ಮಾಡುತ್ತೇನೆ ಎಂದರು. ನಾನು ಬಿಸಿಯಾಗಿದ್ದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಬಾಗಿಲವರೆಗೆ ಹೋದವಳು ನಿಂತೆ. ಹಾಗೆ ಕೇಳುವುದು ಮರ್ಯಾದೆಯಲ್ಲವೆಂದು ಗೊತ್ತಿತ್ತು.

"ಈ ಗುರುವಾರವಾ?"

ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ದಿನದ ಮೇಲೆ ಬೆರಳಿಟ್ಟರು.

"ಈ ಗುರುವಾರ. ಬೇಡ ಅಂತಾದ್ರೂ ಫೋನ್ ಮಾಡ್ತೆ."