ಎರಡು ಮಗ್ಗುಲಿನ ಕಾಗದ

ಏಕಾಂತಮ್ಮನಿಗೆ ಸಿಕ್ಕಿದ್ದು ಹತ್ತು ನಿಮಿಷ. ಕುರಿ ಮೇಯುವ ಮುನ್ನೂರು ಎಕರೆ ಕಾವಲು, ಅದರ ಬೆನ್ನಿಗೆ ನಿಂತ ಅಕ್ಕನಗುಡ್ಡ, ಹಟ್ಟಿಯ ನೂರು ಚಿಲ್ಲರೆ ಮನೆ, ಎಣಿಸಿದರೆ ದೃಷ್ಟಿಯಾಗುತ್ತದೆಂದು ಯಾರೂ ಎಣಿಸದ ಕುರಿ, ಇಷ್ಟನ್ನೂ ಆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕಿತ್ತು.

ಸ್ವಾತಂತ್ರ್ಯ ಬಂದು ಐವತ್ತು ತುಂಬಿ ಮೇಲೆ ಎರಡು ಮಳೆಗಾಲ ಕಳೆದಿದ್ದವು. ಎಲ್ಲಿಂದಲೋ ಒಂದು ಕಂಪನಿ ಬಂದು ಗುಡ್ಡದ ಕೆಮ್ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋಯಿತು. ಮಣ್ಣಿನಲ್ಲಿ ಅದಿರಿದೆಯಂತೆ, ಗಣಿ ಮಾಡುತ್ತಾರಂತೆ ಎಂದು ಸುದ್ದಿಯಾಯಿತು. ಆಮೇಲೆ ಪಂಚಾಯಿತಿಯ ಗೋಡೆಗೆ ನೋಟೀಸು ಅಂಟಿತು: ಸಾರ್ವಜನಿಕರ ಅಹವಾಲು ಕೇಳಲಾಗುವುದು, ಆಕ್ಷೇಪ ಇದ್ದವರು ಸಭೆಯಲ್ಲಿ ಹೇಳಬಹುದು. ಹಟ್ಟಿಯಲ್ಲಿ ನೋಟೀಸನ್ನು ತಡವರಿಸದೆ ಓದಿದವಳು ಏಕಾಂತಮ್ಮ ಒಬ್ಬಳೇ. ದುರ್ಗದಲ್ಲಿ ಬಿ.ಎಡ್. ಓದುತ್ತಿದ್ದಳು. ಓದಿದ್ದೇ ತಪ್ಪಾಯಿತು, ಮಾತಾಡುವ ಕೆಲಸ ಅವಳ ಕೊರಳಿಗೇ ಬಿತ್ತು.

"ನೀನೇ ಮಾತಾಡವ್ವ," ಎಂದ ಕರಿಸಿದ್ದಪ್ಪ. ಅವಳ ದೊಡ್ಡಪ್ಪ, ಹಟ್ಟಿಗೆ ಹಿರಿಯ. "ನಾವು ಬಾಯಿ ಬಿಟ್ರೆ ಕುರಿ ಕೂಗ್ದಂಗೆ ಇರ್ತತೆ. ಸಾಹೇಬ್ರು ಹುಲ್ಲು ಹಾಕಿ ಕಳಿಸ್ತಾರೆ."

ಅವಳಿಗೆ ಆ ಗುಡ್ಡ ಬರೀ ಕಲ್ಲುಮಣ್ಣಾಗಿರಲಿಲ್ಲ. ಅಜ್ಜಿ ಕಾಳಕ್ಕ ಹೇಳಿದ ಕತೆಯಲ್ಲಿ ಏಳು ಜನ ಅಕ್ಕತಂಗಿಯರು ನೀರಿಗೆ ಹೋದವರು ಮಾವನ ಮನೆಗೆ ಮರಳಲಾರೆವೆಂದು ಕೊಡ ಹೊತ್ತುಕೊಂಡೇ ಗುಡ್ಡದೊಳಗೆ ನಡೆದುಬಿಟ್ಟಿದ್ದರು. ಮಳೆ ಬಿದ್ದಾಗ ಒಳಗಿಂದ ಒಬ್ಬೊಬ್ಬರೂ ಕೊಡ ಬಗ್ಗಿಸುತ್ತಾರೆ. ಅದಕ್ಕೇ ಗುಡ್ಡದಿಂದ ಏಳು ಹಳ್ಳ ಇಳಿಯುತ್ತವೆ, ಏಳೂ ಕಾವಲಿನ ಹುಲ್ಲಿಗೆ ನೀರುಣಿಸಿ ಕಟ್ಟೆ ಸೇರುತ್ತವೆ. ಹಾಸ್ಟೆಲಿನ ಕಿಟಕಿಯಲ್ಲಿ ಕೂತು ದುರ್ಗದ ಬಂಡೆಗಳನ್ನು ನೋಡುವಾಗಲೂ ಏಕಾಂತಮ್ಮನಿಗೆ ಕಾಣುತ್ತಿದ್ದುದು ಆ ಏಳು ಜನರ ಬೆನ್ನು.

ಕಾಲೇಜಿನ ಶಿವಕುಮಾರಪ್ಪ ಮೇಷ್ಟ್ರು ಧೈರ್ಯ ತುಂಬಿದರು. ಪಾಠ ಮಾಡಲು ಕಲಿಸುವ ಮೇಷ್ಟ್ರು ಅವರು. ಗಾಜಿನಂಥ ಹಾಳೆಯ ಮೇಲೆ ಬರೆದದ್ದನ್ನು ದೊಡ್ಡದಾಗಿ ಗೋಡೆಯ ಮೇಲೆ ಬೀಳಿಸುವ ಕಾಲೇಜಿನ ಪ್ರೊಜೆಕ್ಟರನ್ನು ತಮ್ಮ ಜವಾಬ್ದಾರಿಯ ಮೇಲೆ ಕೊಡಿಸಿದರು. "ಒಂದು ಸ್ಲೈಡಿಗೆ ಒಂದೇ ಮಾತು. ಗೋಡೆ ನೋಡಬೇಡ, ಜನರ ಮುಖ ನೋಡು. ಹಂಚುವ ಕಾಗದವನ್ನ ಮಾತು ಮುಗಿದ ಮೇಲೇ ಕೊಡು, ಮೊದಲೇ ಕೊಟ್ಟರೆ ಜನ ನಿನ್ನ ಬಿಟ್ಟು ಅದರಲ್ಲಿ ಮುಳುಗ್ತಾರೆ. ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಡು, ಕೇಳುವವರಿಗೆ ಏನಾದರೂ ಹೊಳೆದರೆ ಬರೆದುಕೊಳ್ಳಲಿ," ಎಂದರು.

ಅಷ್ಟನ್ನೂ ಅವಳು ವ್ರತದಂತೆ ಪಾಲಿಸಿದಳು. ಕಾಗದದ ಮುಂಬದಿಗೆ 'ಗಣಿ ಬಂದರೆ ನಮಗೇನು?' ಎಂದು ತಲೆಬರಹ ಕೊಟ್ಟು, ಕಂಪನಿಯವರು ಊರೂರಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಐದು ಮಾತುಗಳನ್ನು ಬರೆದಳು: ಟಾರು ರಸ್ತೆ, ಮನೆಗೊಂದು ಕೆಲಸ, ಶಾಲೆಗೆ ಕಟ್ಟಡ, ಬೀದಿ ದೀಪ, ನೀರಿನ ಟ್ಯಾಂಕು. ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಳು. ಹಿಂಬದಿಗೆ ಆ ಐದಕ್ಕೂ ಉತ್ತರ ಬರೆದಳು. ಎದುರಾಳಿಯ ಮಾತನ್ನು ಮೊದಲು ಇಟ್ಟು ಆಮೇಲೆ ಮುರಿಯಬೇಕು ಎಂಬುದು ಅವಳ ಲೆಕ್ಕ. ಮುಂಬದಿಯದು ಕಂಪನಿಯ ಮಾತು ಎಂದು ಕಾಗದದಲ್ಲಿ ಬರೆಯಲಿಲ್ಲ. ಬಾಯಲ್ಲಿ ಹೇಳುತ್ತೇನಲ್ಲ ಎಂದುಕೊಂಡಳು.

ಸಭೆಯ ದಿನ ಪ್ರೊಜೆಕ್ಟರಿನ ಗಾಜಿಗೆ ಅವ್ವನ ಹಳೇ ಸೀರೆ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಹಟ್ಟಿಯವರು ಎರಡು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಸಭೆ ಇದ್ದದ್ದು ತಾಳ್ಯ ಊರಿನ ಆಚೆ ಬಯಲಲ್ಲಿ ಕಟ್ಟಿದ ಸಮುದಾಯ ಭವನದಲ್ಲಿ, ಎರಡು ಕಡೆಗೂ ಬಾಗಿಲಿಲ್ಲದ ಕಿಟಕಿ. ಬಿಸಿಲು ಧಾರಾಳವಾಗಿ ಒಳಗೆ ಕೂತಿತ್ತು. ಏಕಾಂತಮ್ಮ ಯಂತ್ರ ಹಚ್ಚಿದರೆ ಗೋಡೆಯ ಮೇಲೆ ಹಾಲಿನ ಪಾತ್ರೆ ತೊಳೆದ ನೀರಿನಂಥ ಬೆಳಕು ಬಿಟ್ಟರೆ ಏನೂ ಇಲ್ಲ.

"ಏನೂ ಕಾಣಾಕಿಲ್ಲವಲ್ಲೇ ತಾಯಿ," ಎಂದಳು ಮುಂದಿನ ಸಾಲಿನ ದುರುಗಕ್ಕ. "ಗ್ವಾಡೆಗೆ ಸುಣ್ಣ ಬಳ್ದಂಗೈತೆ."

"ಬಿಸ್ಲು ತಡೀಬೇಕು, ಕಂಬ್ಳಿ ತಗೀರ್ರಲೇ," ಎಂದು ಕರಿಸಿದ್ದಪ್ಪ ಎದ್ದ.

ಗಂಡಸರ ಹೆಗಲಿನ ಕಂಬಳಿಗಳೆಲ್ಲ ಕಿಟಕಿಯ ಸರಳಿಗೆ ಏರಿದವು. ಅಹವಾಲು ಕೇಳಲು ಬಂದು ಮೇಜಿನ ಹಿಂದೆ ಕೂತಿದ್ದ ಸರ್ಕಾರದ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು. ಭವನ ಕತ್ತಲಾಯಿತು, ಕುರಿಯ ಉಣ್ಣೆಯ ವಾಸನೆ ತುಂಬಿತು. ಆ ಕತ್ತಲಲ್ಲಿ ಏಕಾಂತಮ್ಮ ಮೊದಲ ಸ್ಲೈಡು ಇಟ್ಟಳು.

ಗೋಡೆಯ ತುಂಬ ಅಕ್ಕನಗುಡ್ಡ ಎದ್ದು ನಿಂತಿತು. ನೀಲಿ ಪೆನ್ನಿನಲ್ಲಿ ಏಳು ಹಳ್ಳ, ಹಸಿರಿನಲ್ಲಿ ಕಾವಲು, ಅಂಚಿಗೆ ಕಟ್ಟೆ. ತಾವು ದಿನಾ ತುಳಿಯುವ ನೆಲವನ್ನು ಹಟ್ಟಿಯವರು ಯಾವತ್ತೂ ಹೀಗೆ ಒಟ್ಟಿಗೆ ನೋಡಿರಲಿಲ್ಲ.

"ಅಯ್ ಶಿವನೇ, ನಮ್ ಗುಡ್ಡ!" ಎಂದಳು ದುರುಗಕ್ಕ.

"ಈ ಗುಡ್ಡವನ್ನು ಕಂಪನಿಯವರು ಅಗೆದರೆ..." ಏಕಾಂತಮ್ಮ ಮೇಷ್ಟ್ರು ಹೇಳಿದಂತೆ ಮುಖಗಳನ್ನೇ ನೋಡುತ್ತ ಶುರು ಮಾಡಿದಳು. ಒಂದು ಮುಖವೂ ಅವಳ ಕಡೆ ಇರಲಿಲ್ಲ.

"ಅಲ್ಲ ಕಣವ್ವ, ಮೂರ್ನೇ ಹಳ್ಳ ತಪ್ಪಾಗೈತೆ," ಎಂದು ಈರಬಸಪ್ಪ ಎದ್ದು ನಿಂತ. ನಲವತ್ತು ವರ್ಷ ಕುರಿ ಕಾಯ್ದವನು. "ಅದು ಕಟ್ಟೆಗೆ ಬರಾಕಿಲ್ಲ. ಬೇವಿನ ಮರ್ದತ್ರ ಬಡಗಣಕ್ಕೆ ತಿರುಗ್ತತೆ."

"ಯಾವನ್ಲೇ ಅವ್ನು? ಬಡಗಣಕ್ಕೆ ತಿರುಗೋದು ನಾಕ್ನೇದು!" ಎಂದು ಕತ್ತಲಿಂದ ಇನ್ನೊಬ್ಬ.

"ನಿಮ್ಮಪ್ಪ ಕುರಿ ಕಾಯ್ದಿದ್ರೆ ಗೊತ್ತಿರ್ತಿತ್ತು ನಿಂಗೆ. ಅವ್ನು ಹೋಟ್ಲಾಗೆ ಕುಂತು ದೋಸೆ ಕಾಯ್ದ."

ಭವನವೆಲ್ಲ ನಕ್ಕಿತು. ಏಕಾಂತಮ್ಮ ಸ್ಲೈಡು ತೆಗೆದು ಎರಡನೆಯದನ್ನು ಇಡಲು ಹೋದಳು. "ತಗೀಬ್ಯಾಡ, ತಗೀಬ್ಯಾಡ, ಇದು ತೀರ್ಮಾನ ಆಗ್ಲಿ," ಎಂದು ನಾಲ್ಕೈದು ಜನ ಗೋಡೆಯ ಹತ್ತಿರವೇ ಬಂದರು. ಅವರ ತಲೆಯ ನೆರಳುಗಳು ಗುಡ್ಡವನ್ನು ನುಂಗಿದವು. ಈರಬಸಪ್ಪ ಬೆರಳಿಟ್ಟು ಬೇವಿನ ಮರ ತೋರಿಸಿದ, ಇನ್ನೊಬ್ಬ ಅವನ ಕೈ ಸರಿಸಿದ. "ಕುಂತ್ಕಳ್ರಪ್ಪಾ ಎಲ್ರೂ, ನಂಗೆ ಹೇಳಾದು ಐತೆ," ಎಂದು ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಕೊಟ್ಟ ಚಿತ್ರದೊಳಗೆ ಅವರೆಲ್ಲ ಆಗಲೇ ಕುರಿ ಬಿಟ್ಟುಕೊಂಡು ನಡೆದುಹೋಗಿದ್ದರು.

ಸಾಹೇಬರು ಗಡಿಯಾರ ನೋಡಿ ಮೇಜು ಕುಟ್ಟಿದರು. "ಹತ್ತು ನಿಮಿಷ ಆಯ್ತಮ್ಮ. ಇನ್ನೂ ಎರಡು ಊರಿನವರು ಕಾಯ್ತಾ ಇದ್ದಾರೆ."

"ಸಾರ್, ನಾನಿನ್ನೂ ಶುರುವೇ ಮಾಡಿಲ್ಲ."

"ಕಾಗದದಲ್ಲಿ ಬರೆದು ತಂದಿದ್ದೀರಲ್ಲ? ಹಂಚಿಬಿಡಿ, ಓದ್ಕೋತಾರೆ."

ಇನ್ನೇನು ದಾರಿಯಿತ್ತು? ಮಾತು ಹೋಯಿತು, ಕಾಗದವಾದರೂ ಕೈ ಸೇರಲಿ ಎಂದು ಅವಳು ಕಟ್ಟು ಬಿಚ್ಚಿ ಸಾಲಿನ ತುದಿತುದಿಗೆ ಕೊಟ್ಟಳು. ಕಿಟಕಿಯ ಕಂಬಳಿಗಳು ಇಳಿದವು. ಅವಳು ಪ್ರೊಜೆಕ್ಟರಿನ ವೈರು ಸುತ್ತುತ್ತ ಗೋಡೆಯ ಕಡೆ ತಿರುಗಿ ನಿಂತಳು. ಕಣ್ಣು ತುಂಬಿದ್ದು ಜನಕ್ಕೆ ಕಾಣುವುದು ಬೇಡವಾಗಿತ್ತು.

ಹಟ್ಟಿಯವರ ಬದುಕಿನಲ್ಲಿ ಸಭೆಯಲ್ಲಿ ಕೈಗೆ ಬಂದ ಕಾಗದ ಓದುವುದಕ್ಕೆಂದು ಯಾವತ್ತೂ ಬಂದಿರಲಿಲ್ಲ. ರೇಷನ್ ಕಾರ್ಡಿನದಾಗಲಿ, ಕುರಿ ಸಂಘದ್ದಾಗಲಿ, ಕುರಿಗೆ ಚುಚ್ಚುಮದ್ದು ಹಾಕಿದ ಲೆಕ್ಕದ್ದಾಗಲಿ, ಕೆಳಗಡೆ ಖಾಲಿ ಜಾಗ ಇರುತ್ತಿತ್ತು, ಅಲ್ಲಿ ಹೆಬ್ಬೆಟ್ಟು ಒತ್ತಿ ಮುಂದಕ್ಕೆ ದಾಟಿಸಬೇಕು. ಅದು ಮರ್ಯಾದೆ. ಹಾಜರಿಗೆಂದು ಮೇಜಿನ ಮೇಲಿಟ್ಟಿದ್ದ ಶಾಯಿಯ ಡಬ್ಬಿಯನ್ನು ಕರಿಸಿದ್ದಪ್ಪನೇ ಎತ್ತಿಕೊಂಡು ಬಂದ. ಡಬ್ಬಿ ಸಾಲಿನಿಂದ ಸಾಲಿಗೆ ಹರಿಯಿತು. ಸಹಿ ಬರುವವರು ನಾಲಗೆ ಕಚ್ಚಿಕೊಂಡು ಸಹಿ ಮಾಡಿದರು.

ಅವಳು ತಿರುಗಿ ನೋಡುವ ಹೊತ್ತಿಗೆ ಕಾಗದಗಳೆಲ್ಲ ಒಟ್ಟಾಗಿ ಸಾಹೇಬರ ಗುಮಾಸ್ತನ ಮುಂದೆ ಬಂದು ಕೂತಿದ್ದವು. ಅವನು ಎಂಜಲು ಬೆರಳಿನಿಂದ ಎಣಿಸಿ, ಮೂಲೆಗೆ ಟ್ಯಾಗು ಪೋಣಿಸುತ್ತಿದ್ದ. ಎಲ್ಲದರ ಮುಂಬದಿಯಲ್ಲೂ, 'ಗಣಿ ಬಂದರೆ ನಮಗೇನು?' ಎಂಬುದರ ಅಡಿ, ರಸ್ತೆ, ಕೆಲಸ, ಶಾಲೆ, ದೀಪ, ಟ್ಯಾಂಕುಗಳ ಅಡಿ, ನೇರಳೆ ಹೆಬ್ಬೆಟ್ಟುಗಳು.

"ಸಾರ್, ಅದಕ್ಕಲ್ಲ ಸಾರ್ ಕೊಟ್ಟಿದ್ದು! ಅದು ಕಂಪನಿಯವರ ಮಾತು. ನಮ್ಮದು ಹಿಂದೆ ಇದೆ, ತಿರುಗಿಸಿ ನೋಡಿ."

ಸಾಹೇಬರು ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯನಲ್ಲ, ನಿಧಾನವಾಗಿ ಪೂರ್ತಿ ಓದಿದರು. "ಚೆನ್ನಾಗಿ ಬರೆದಿದ್ದೀರಿ," ಎಂದರು. ಮತ್ತೆ ಮಗುಚಿದರು. "ಸಹಿ ಯಾವ ಕಡೆ ಇದೆಯಮ್ಮ?"

ಅವಳು ಕಾಗದಗಳನ್ನು ವಾಪಸ್ ಕೇಳಿದಳು.

"ಇದು ಕಂಪನಿಯ ಮಾತು ಅಂತ ಇಲ್ಲಿ ಎಲ್ಲೂ ಇಲ್ಲವಲ್ಲ. ಬರೆದವರು ಯಾರು?"

"ನಾನೇ."

"ಹಟ್ಟಿಯ ಓದಿದ ಹುಡುಗಿ ಬರೆದದ್ದು, ಹಟ್ಟಿಯವರೇ ಒತ್ತಿದ್ದು. ಸಭೆಯಲ್ಲಿ ಕೊಟ್ಟ ಕಾಗದ ಕಡತಕ್ಕೆ ಸೇರಲೇಬೇಕು, ನಾನು ವಾಪಸ್ ಕೊಡೋ ಹಾಗಿಲ್ಲ. ಬಾಯಲ್ಲಿ ಆಕ್ಷೇಪ ಹೇಳಿದರಾ ಅಂದರೆ, ಹಳ್ಳ ಯಾವ ಕಡೆ ತಿರುಗುತ್ತೆ ಅಂತ ಜಗಳ ಆಡಿದರು. ಏನಂತ ಬರೀಲಿ ನಾನು?" ಕಾಗದವನ್ನು ಗುಮಾಸ್ತನ ಕಡೆ ಸರಿಸಿ, "ಬೇಕಾದರೆ ಮೇಲೆ ಅರ್ಜಿ ಹಾಕ್ಕೊಳ್ಳಿ," ಎಂದರು. ಹೇಳುವಾಗ ಅವಳ ಮುಖ ನೋಡಲಿಲ್ಲ. ಮುಂದಿನ ಊರಿನವರನ್ನು ಕರೆಯಲು ಗುಮಾಸ್ತ ಎದ್ದುಹೋದ.

ಹೊರಗೆ ಟ್ರ್ಯಾಕ್ಟರಿನ ಬಳಿ ಹಬ್ಬದ ಗದ್ದಲ. ಮೂರನೆಯ ಹಳ್ಳದ ಜಗಳ ಇನ್ನೂ ನಡೆದೇ ಇತ್ತು. ದುರುಗಕ್ಕ ಏಕಾಂತಮ್ಮನ ಕೆನ್ನೆ ಸವರಿ ಲಟಿಕೆ ಮುರಿದಳು. "ಗ್ವಾಡೆ ಮ್ಯಾಲೆ ಗುಡ್ಡ ತಂದು ನಿಲ್ಸಿದ್ಯಲ್ಲೇ! ಸಾಹೇಬ್ರು ಪಿಟ್ಟನ್ಲಿಲ್ಲ ನೋಡು."

ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ಗುಡ್ಡ ಹೋಯಿತು ಎನ್ನಬೇಕು. ಕಳೆದದ್ದು ನನ್ನ ಕಾಗದ, ಒತ್ತಿದ್ದು ನಿಮ್ಮ ಬೆರಳು ಎನ್ನಬೇಕು. ಕರಿಸಿದ್ದಪ್ಪ ಎದುರಿಗೆ ಬಂದು ನೇರಳೆ ಹೆಬ್ಬೆರಳನ್ನು ಅವಳ ಕಣ್ಣ ಮುಂದೆ ಹಿಡಿದ. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಒಬ್ರನ್ನೂ ಬಿಡ್ಲಿಲ್ಲ ಕಣವ್ವ. ನಮ್ ಹುಡ್ಗಿ ಬರ್ದೈತೆ ಅಂದ್ಮ್ಯಾಲೆ ಎಲ್ರೂ ಹಾಕ್ಲೇಬೇಕು ಅಂದೆ. ಹಾಕಿದ್ರು."

"ದೊಡ್ಡಪ್ಪಾ, ಆ ಕಾಗ್ದ..."

"ಅದೇ ಕೇಳಾಕೆ ಬಂದೆ. ಇನ್ನೂ ಅವೇನು? ನಿಮ್ ದೊಡ್ಡವ್ವ ಕುರಿ ಹಿಂದೆ ಹೋಗ್ಯಾಳೆ, ಬಂದಿಲ್ಲ. ಹಿಂಗಿಂಗೆ ಹತ್ತಿಪ್ಪತ್ತು ಜನ ಹಟ್ಟಿಯಾಗೇ ಅವ್ರೆ. ಅವ್ರದ್ದೂ ಒತ್ತಿಸ್ಕಂಡು ನಾಳೆ ಬೆಳಿಗ್ಗೆ ನಾನೇ ಹೊಳಲ್ಕೆರೆ ತಾಲೂಕಾಪೀಸಿಗೆ ಹೋಗಿ ಕೊಟ್ಟು ಬತ್ತೀನಿ."

ಚೀಲದಲ್ಲಿ ಮೂವತ್ತು ಕಾಗದ ಉಳಿದಿದ್ದವು. ಏಕಾಂತಮ್ಮ ಚೀಲವನ್ನು ಎದೆಗೆ ಒತ್ತಿಕೊಂಡಳು. ಕರಿಸಿದ್ದಪ್ಪ ಕೈ ಚಾಚಿಕೊಂಡು ನಿಂತೇ ಇದ್ದ.