ಮೂಲೆಯಿಂದ ಮೂಲೆಗೆ

ಎರಡನೇ ಮಹಡಿಯಿಂದ ಇಳಿಸುತ್ತಿದ್ದ ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ನಾಲ್ವರೂ ತಾಳು, ಎಳಿ, ಹಿಂದಕ್ಕೆ ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಕೆಳಗಿನಿಂದ ಹತ್ತಿ ಬರುತ್ತಿದ್ದ ವಿಮಲಾಕ್ಷಿ ಕೈಯಲ್ಲಿದ್ದ ಹಾರವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ನಿಂತಳು.

"ಕುರ್ಚಿಯಾಗ ಕೂಡಿಸಿ ಇಳಿಸೋಣೇನು?" ಎಂದ, ಸತ್ತವನ ಅಣ್ಣ ಹಂಪಣ್ಣ. ಅವನ ಉಸಿರು ಆಗಲೇ ಮೇಲೆ ಕೆಳಗೆ ಆಗುತ್ತಿತ್ತು.

"ಬೇಡಣ್ಣ," ಎಂದ ಮುಂದೆ ಹಿಡಿದಿದ್ದ ಯುವಕ. "ನೇರ ಹಿಡಿದ್ರೆ ಹಿಡಿಸಲ್ಲ. ತಲೆ ಕಡೆ ಮೇಲಿನ ಮೂಲೆಗೆ ಎತ್ತಿ. ಕಾಲು ಕಡೆ ಈ ಕೆಳಗಿನ ಮೂಲೆಗೆ ಬರ್ಲಿ. ಮೂಲೆಯಿಂದ ಮೂಲೆಗೆ ಜಾಗ ಜಾಸ್ತಿ ಇರುತ್ತೆ."

ಓರೆಯಾಗಿ ಹಿಡಿದರು. ಹೊರಳಿತು. ಲಕ್ಷ್ಮಿಕಾಂತ ಮೇಷ್ಟ್ರ ಮುಖ ವಿಮಲಾಕ್ಷಿಯ ಭುಜದ ಪಕ್ಕದಲ್ಲೇ ಹಾದುಹೋಯಿತು. ಮೂಗಿನಲ್ಲಿ ಹತ್ತಿ, ಗಲ್ಲದ ಮೇಲೆ ಎರಡು ದಿನದ ಬಿಳಿ ಗಡ್ಡ. ಹತ್ತು ವರ್ಷಗಳಿಂದ ಅವಳು ನೋಡದಿದ್ದ ಮುಖ.

"ನಾನು ಉಮೈರ್, ಮಿಸ್," ಎಂದ ಯುವಕ, ಹೊರೆ ಬಿಡದೆಯೇ. "ಏಳನೇ ಬಿ. ನಾನೇ ಮೆಸೇಜ್ ಹಾಕಿದ್ದು."

ಹಿಂದೆಯೇ ಇಳಿದು ಬಂದವಳು ನಾಗರತ್ನಾ, ಮೇಷ್ಟ್ರ ಹೆಂಡತಿ. ವಿಮಲಾಕ್ಷಿಯನ್ನು ಕಂಡು ಆ ಇಕ್ಕಟ್ಟಿನಲ್ಲೇ ನಿಂತು ಅವಳ ಎರಡೂ ಕೈ ಹಿಡಿದುಕೊಂಡಳು.

"ಬಂದ್ರಲ್ರಿ ಮೇಡಂ, ಭಾಳ ಚಲೋ ಆಯ್ತು. ಈ ಊರಾಗ ನಮಗಂತ ನಿಂತವರು ನೀವೊಬ್ರೇರಿ. ಅವರು ಯಾವತ್ತೂ ಹೇಳ್ತಿದ್ರು. ನಮ್ಮ ಮೇಡಂ ನನ್ನ ಸಲುವಾಗಿ ಮ್ಯಾಲಿನವರ ಜೋಡಿ ಭಾಳ ಜಗಳಾಡಿದ್ರು, ಅವರ ಮಾತು ನಡೀಲಿಲ್ಲ ಅಂತ."

ವಿಮಲಾಕ್ಷಿಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

ಕೆಳಗೆ ಕಮ್ಮನಹಳ್ಳಿಯ ಆ ಅಡ್ಡರಸ್ತೆಯಲ್ಲಿ ಆಂಬುಲೆನ್ಸಿನ ಹಿಂದೆ ಎರಡು ಕಾರು ಹಾರ್ನ್ ಹೊಡೆಯುತ್ತಿದ್ದವು. ಅರಿಶಿನ ಕುಂಕುಮದ ಶಾಸ್ತ್ರ ಅವಸರದಲ್ಲೇ ಮುಗಿಯಿತು. ನಾಗರತ್ನಾಳೂ ಆಂಬುಲೆನ್ಸ್ ಹತ್ತಲು ಹೋದಾಗ ಹಂಪಣ್ಣ ತಡೆದ. "ಹೆಣ್ಮಕ್ಕಳು ಸುಡುಗಾಡಿಗೆ ಬರೂದಿಲ್ಲವ್ವ."

"ಹೊರಾಕ ನಾಕು ಮಂದಿ ಕೂಡಿಸೂದ್ರಾಗ ಸಾಕಾಯ್ತು, ಭಾವ. ನಮಗ ಮಕ್ಕಳಿಲ್ಲ. ನಾ ಬರ್ತೀನಿ. ಮೇಡಂ ಅದಾರ ಜೋಡಿ."

*

ಹಲಸೂರಿನ ಕಡೆಯ ಒಂದು ಸರ್ಕಾರಿ ಶಾಲೆಗೆ ವಿಮಲಾಕ್ಷಿ ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಲಕ್ಷ್ಮಿಕಾಂತ ಅಲ್ಲಿ ಅತಿಥಿ ಶಿಕ್ಷಕನಾಗಿದ್ದ. ಸಿಂಧನೂರಿನ ಕಡೆಯವನು. ಪ್ರತಿ ಜೂನಿನಲ್ಲಿ ಕರೆಯುತ್ತಿದ್ದರು, ಬೇಸಿಗೆ ಬಂದರೆ ಬಿಡಿಸುತ್ತಿದ್ದರು. ಹಾಗೆ ಅತಿಥಿಯಾಗಿಯೇ ಒಂಬತ್ತು ವರ್ಷ ಅದೇ ಶಾಲೆಯಲ್ಲಿ ಕಳೆದಿದ್ದ.

ಒಂದು ಬೆಳಿಗ್ಗೆ ಮೈದಾನದಲ್ಲಿ ಗಲಾಟೆ ಕೇಳಿ ಅವಳು ಗದರಿಸಲೆಂದೇ ಹೊರಬಂದಳು. ಏಳನೇ ತರಗತಿಯ ಗಣಿತದ ಪಿರಿಯಡ್ಡು. ಲಕ್ಷ್ಮಿಕಾಂತ ಗೋಡೆಗುಂಟ ಮೂವತ್ತು ಹೆಜ್ಜೆ, ಅಲ್ಲಿಂದ ತಿರುಗಿ ನಲ್ಲಿಯವರೆಗೆ ನಲವತ್ತು ಹೆಜ್ಜೆ ಸುಣ್ಣದ ಗೆರೆ ಎಳೆದಿದ್ದ. ಉಮೈರ್ ಕಾಲಲ್ಲಿ ಚೆಂಡು ಉರುಳಿಸುತ್ತ ಗೆರೆಯ ಮೇಲೇ ಓಡಬೇಕು. ವೈಷ್ಣವಿ ಎಂಬ ಹುಡುಗಿ ಇನ್ನೊಂದು ಚೆಂಡಿನೊಂದಿಗೆ ಅವನು ಹೊರಟಲ್ಲಿಂದಲೇ ಓರೆಯಾಗಿ ನಲ್ಲಿಗೇ ಓಡಬೇಕು. ಮೂರು ಸಲವೂ ಅವಳೇ ಮೊದಲು ಮುಟ್ಟಿದಳು.

"ಸರ್, ಅವಳದು ಮೋಸ," ಎಂದ ಉಮೈರ್.

"ಮೋಸ ಅಲ್ಲಪ, ಅದು ಕರ್ಣ. ಅವಳ ದಾರಿ ಎಷ್ಟು ಹೆಜ್ಜಿ ಅದ, ನೀನೇ ಎಣಿಸಿ ಬಾ."

ಐವತ್ತು. ಎಲ್ಲರೂ ಮಣ್ಣಿನಲ್ಲಿ ಕೂತು ಕಡ್ಡಿಯಿಂದ ಗುಣಿಸತೊಡಗಿದರು. ಮೂವತ್ತು ಮೂವತ್ತಲ ಒಂಬೈನೂರು, ನಲವತ್ತು ನಲವತ್ತಲ ಸಾವಿರದ ಆರುನೂರು, ಕೂಡಿದರೆ ಎರಡೂವರೆ ಸಾವಿರ. ಐವತ್ತನ್ನು ಐವತ್ತರಿಂದ ಗುಣಿಸಿದರೂ ಅಷ್ಟೇ ಬಂತು. ಉಮೈರ್ ಎದ್ದು ಮತ್ತೊಮ್ಮೆ ಹೆಜ್ಜೆ ಎಣಿಸಿಕೊಂಡು ಬಂದ, ನೆಲ ಎರಡನೇ ಸಲವೂ ಅದನ್ನೇ ಹೇಳುತ್ತದೋ ನೋಡಲು.

ಅಷ್ಟೇ ಅಲ್ಲ. ಬೆಳಿಗ್ಗೆ ಮೆತ್ತಗಿದ್ದ ಚೆಂಡು ಬಿಸಿಲಲ್ಲಿಟ್ಟರೆ ಮಧ್ಯಾಹ್ನಕ್ಕೆ ಏಕೆ ಗಟ್ಟಿಯಾಗುತ್ತದೆ, ಒದ್ದ ಚೆಂಡು ಮರಳಿನ ಮೇಲೆ ಬೇಗ ನಿಂತು ಸಿಮೆಂಟಿನ ಮೇಲೆ ದೂರ ಹೋಗುವುದೇಕೆ ಎಂದು ಆ ಮಕ್ಕಳು ಊಟದ ಸಾಲಿನಲ್ಲೂ ಜಗಳಾಡುತ್ತಿದ್ದರು. ಇಪ್ಪತ್ತೈದು ವರ್ಷ ಪಾಠ ಮಾಡಿದ್ದ ವಿಮಲಾಕ್ಷಿ ಅಂಥ ಜಗಳ ಕೇಳಿರಲಿಲ್ಲ.

"ಮೇಡಂ, ನೀವೊಂದು ಪರವಾನಗಿ ಬರದು ಕೊಟ್ರ ವಾರಕ್ಕ ಮೂರು ಪಿರಿಯಡ್ ಹೊರಗ ಮಾಡ್ತೀನ್ರಿ," ಎಂದು ಅವನು ಕೇಳಿದ್ದ.

"ಮಾಡಿ ಸರ್. ನಾನು ಹೇಳಿದೀನಿ ಅಂದ್ಮೇಲೆ ಆಯ್ತಲ್ಲ. ಪತ್ರ ಗಿತ್ರ ಯಾಕೆ?"

*

ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮುಂಚೆ ಮೂರು ಹೆಣಗಳಿದ್ದವು. ನಾಗರತ್ನಾ ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹಂಪಣ್ಣ ಚೀಟಿ ಹಿಡಿದು ಕಿಟಕಿಯ ಬಳಿ ನಿಂತ. ಹೊರಗಿನ ಕಲ್ಲುಬೆಂಚಿನ ಮೇಲೆ ಉಮೈರ್ ಬಂದು ವಿಮಲಾಕ್ಷಿಯ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಕೂತ.

"ಬೇರೆ ಯಾರೂ ಬರ್ಲಿಲ್ವಾ?"

"ಗ್ರೂಪಲ್ಲಿ ನಲವತ್ತು ಜನ ಇದೀವಿ, ಮಿಸ್. ಕೆಲಸದ ದಿನ ಅಲ್ವಾ. ವೈಷ್ಣವಿ ಕೈ ಮುಗಿಯೋ ಎಮೋಜಿ ಕಳಿಸಿದ್ಲು."

"ನೀನೇನು ಮಾಡ್ತಿದೀಯಪ್ಪ?"

"ಶಿವಾಜಿನಗರದಲ್ಲಿ ಹಳೇ ಕಾರು ಬಿಚ್ಚೋ ಅಂಗಡಿ. ಟೆಂತಲ್ಲಿ ಮ್ಯಾತ್ಸ್ ಹೋಯ್ತು. ಮೂರು ಸಲ ಕಟ್ಟಿದೆ, ಮೂರು ಸಲಾನೂ ಹೋಯ್ತು."

"ನೀನಾ?"

"ಪ್ರಮೇಯ ಬರೀರಿ ಅಂತ ಕೊಟ್ಟಿದ್ರು, ಮಿಸ್. ಕರ್ಣದ್ದೇ. ನಂಗೆ ಓಡೋಕೆ ಬರ್ತಿತ್ತು. ಬರಿಯೋಕೆ ಬರ್ಲಿಲ್ಲ." ಅವನು ತನ್ನ ಉಗುರಿನ ಗ್ರೀಸು ನೋಡಿಕೊಂಡ. "ಓಡಿಸಿ ಆದ್ಮೇಲೆ ಬರೆಸ್ತೀನಿ ಅಂತಿದ್ರು ಸರ್. ಅಷ್ಟೊತ್ತಿಗೆ ಅವರು ಇರ್ಲಿಲ್ಲ."

ಕುಕ್ ಟೌನಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗಿದ್ದ ಸರ್ ಅವನಿಗೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಆಮೇಲೆ ಆ ಕಡೆ ಹೋದಾಗಲೆಲ್ಲ ಟೀ ಒಯ್ಯುತ್ತಿದ್ದ. ಇನ್ನೊಂದು ಸಲ ಪರೀಕ್ಷೆ ಕಟ್ಟು ಎಂದು ಸರ್ ಬಂದುಹೋಗುವವರ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಬಿಡಿಸಿ ತೋರಿಸುತ್ತಿದ್ದರು. ಮೊನ್ನೆ ಬೆಳಿಗ್ಗೆ ಹಾಲಿನವನು ಕರೆದಾಗ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

"ಶಾಲೆ ವಿಷಯ ಕೇಳ್ತಿದ್ರಾ?" ಎಂದಳು ವಿಮಲಾಕ್ಷಿ.

"ಮೈದಾನ ಹಂಗೇ ಇದ್ಯಾ ಅಂತ ಕೇಳೋರು. ಇದೆ ಸರ್ ಅಂತಿದ್ದೆ."

ಮೈದಾನ ಇರಲಿಲ್ಲ. ಟೀಚರುಗಳ ಗಾಡಿ ನಿಲ್ಲಿಸಲು ಅಲ್ಲಿ ಸಿಮೆಂಟು ಹಾಕಿಸಿ ಶೀಟು ಹೊದೆಸಿದ್ದು ವಿಮಲಾಕ್ಷಿಯೇ. ಅದು ಉಮೈರ್‌ಗೂ ಗೊತ್ತಿತ್ತು.

ಇವರ ನಂಬರು ಕೂಗಿದರು. ಕಬ್ಬಿಣದ ಬಾಗಿಲು ಮೇಲೆದ್ದು, ಬಿಸಿಗಾಳಿ ಮುಖಕ್ಕೆ ಹೊಡೆದು, ಮತ್ತೆ ಮುಚ್ಚಿಕೊಂಡಿತು. ನಾಗರತ್ನಾ ಅಳಲಿಲ್ಲ. ಬಾಗಿಲು ಮುಚ್ಚಿದ ಮೇಲೂ ಅಲ್ಲೇ ನೋಡುತ್ತ ನಿಂತಿದ್ದವಳನ್ನು, ಮುಂದಿನ ಸರದಿಯವರು ಜಾಗ ಬಿಡಿ ಎಂದಾಗ, ವಿಮಲಾಕ್ಷಿ ತೋಳು ಹಿಡಿದು ಹೊರಗೆ ಕರೆತಂದಳು.

*

ಆ ವರ್ಷದ ಜನವರಿಯಲ್ಲಿ ವೈಷ್ಣವಿ ಅಂಥದೇ ಒಂದು ಪಿರಿಯಡ್ಡಿನಲ್ಲಿ ಗೋಲಿನ ಮುಂದೆ ಬಿದ್ದು ಕೈ ಮುರಿದುಕೊಂಡಳು. ಹುಡುಗಿಯ ಅಪ್ಪ ಒಂದು ದಿನ ಬೈದು ಸುಮ್ಮನಾದ. ಸುಮ್ಮನಾಗದವನು ವಾರ್ಡಿನ ಒಬ್ಬ ಮುಖಂಡ. ಮಕ್ಕಳಿಗೆ ಪಾಠ ಬಿಟ್ಟು ಆಟ ಆಡಿಸುತ್ತಾರೆಂದು ಅರ್ಜಿ ಕೊಟ್ಟ. ತರಗತಿಯ ವೇಳೆಯಲ್ಲಿ ಮೈದಾನಕ್ಕೆ ಬಿಡಲು ಅನುಮತಿ ಕೊಟ್ಟವರು ಯಾರು ಎಂದು ಮೇಲಿನಿಂದ ಕಾಗದ ಬಂತು.

ವಿಮಲಾಕ್ಷಿಗೆ ಎರಡು ದಿನ ಊಟ ಸೇರಲಿಲ್ಲ. ಜೀವನ್ ಬಿಮಾ ನಗರದ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಗಂಡ ಕೆಲಸ ಬಿಟ್ಟು ಕೂತಿದ್ದ. ಮೂರನೇ ದಿನ ಉತ್ತರ ಬರೆದಳು. ಶಾಲೆಯಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದುದು ಲಕ್ಷ್ಮಿಕಾಂತನೊಬ್ಬನಿಗೆ. ಐದು ಗಂಟೆಯೊಳಗೆ ಪತ್ರ ಮುಟ್ಟಬೇಕಿತ್ತು. ಅವಳು ಹಾಳೆಯನ್ನು ಅವನ ಮುಂದಿಟ್ಟು ಕಿಟಕಿಯ ಕಡೆ ತಿರುಗಿ ನಿಂತಳು.

ಸದರಿ ಅತಿಥಿ ಶಿಕ್ಷಕರು ನನ್ನ ಅನುಮತಿ ಪಡೆಯದೆ, ನನ್ನ ಗಮನಕ್ಕೂ ತರದೆ ಈ ಚಟುವಟಿಕೆ ನಡೆಸಿರುತ್ತಾರೆ ಎಂದು ಅದರಲ್ಲಿತ್ತು. ಕೀಲಿಗಳ ಸದ್ದು ಅಲ್ಲಿ ಸ್ವಲ್ಪ ನಿಂತು, ಮತ್ತೆ ಶುರುವಾಯಿತು.

"ಮೇಡಂ, ಕಡೀಕ 'ದೃಢಿಕರಿಸುತ್ತೇನೆ' ಅಂತ ಅದ. ಅಲ್ಲಿ ದೀರ್ಘ ಬರಬೇಕ್ರಿ. ತಿದ್ದಲೇನು?"

"ತಿದ್ದಿ," ಎಂದಳು ಅವಳು, ತಿರುಗದೆ.

ಪತ್ರ ಮೇಜಿನ ಮೇಲಿಟ್ಟು, ಆರನೇ ತರಗತಿಗೆ ಹೊತ್ತಾಯಿತೆಂದು ಹೊರಟುಹೋದ. ಜೂನಿನ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅವನು ಕೇಳಲು ಬರಲಿಲ್ಲ. ಅವಳೂ ಹೇಳಿ ಕಳಿಸಲಿಲ್ಲ.

*

ಕಮ್ಮನಹಳ್ಳಿಗೆ ಮರಳುವಾಗ ಮಧ್ಯಾಹ್ನ ಮೂರಾಗಿತ್ತು. ಹಂಪಣ್ಣ ಮರುದಿನದ ಅಸ್ಥಿಯ ವಿಷಯ ಕೇಳಲು ಅಲ್ಲೇ ಉಳಿದಿದ್ದ. ಉಮೈರ್‌ನನ್ನು ಅಂಗಡಿಯವನು ಕರೆದಿದ್ದ. ಬಾಗಿಲ ಬಳಿ ಸೆಕ್ಯೂರಿಟಿ ಏಜೆನ್ಸಿಯ ಮನುಷ್ಯನೊಬ್ಬ ಕಾಯುತ್ತಿದ್ದ.

"ತಪ್ಪು ತಿಳ್ಕೋಬೇಡಿ ಅಮ್ಮ," ಎಂದ. "ನಾಳೆ ಆ ಗೇಟಿಗೆ ಬೇರೆಯವರು ಬರ್ತಾರೆ. ಯೂನಿಫಾರ್ಮ್ ಬೇಕಿತ್ತು. ಆಸ್ಪತ್ರೆಯವರು ಕವರಲ್ಲಿ ಹಾಕಿ ಕೊಟ್ಟಿರ್ತಾರೆ."

"ಹಂಗ ಕೊಡಾಕ ಬರೂದಿಲ್ರಿ, ಹೊಲಸಾಗ್ಯಾವ. ಒಗದು ಕೊಡ್ತೀನಿ. ಸಂಜಿಗೆ ಬರ್ರಿ."

ನಾಗರತ್ನಾ ತಲೆಗೆ ನೀರು ಹೊಯ್ದುಕೊಂಡು ಬಂದು, ಹಸಿ ಕೂದಲಲ್ಲೇ ಟೆರೇಸಿನ ನಲ್ಲಿಯ ಮುಂದೆ ಕೂತು ಬಟ್ಟೆಗೆ ಸೋಪು ಹಚ್ಚಿದಳು. ವಿಮಲಾಕ್ಷಿ ಹೊರಡಬಹುದಿತ್ತು. ಹೊರಡಲಿಲ್ಲ.

"ನಾಗರತ್ನಾ, ನಾನು ಸರ್ ಪರವಾಗಿ ಯಾರ ಹತ್ರಾನೂ ಜಗಳ ಆಡಿಲ್ಲ."

ಬ್ರಷ್ಷು ಉಜ್ಜುತ್ತಲೇ ಇತ್ತು.

"ಅನುಮತಿ ನಾನೇ ಕೊಟ್ಟಿದ್ದೆ. ಆಮೇಲೆ ಕೊಟ್ಟಿಲ್ಲ ಅಂತ ಬರೆದುಕೊಟ್ಟೆ. ಆ ಪತ್ರಾನ ಅವರ ಕೈಲೇ ಟೈಪ್ ಮಾಡಿಸಿದೆ. ಅವರಿಗೆ ಗೊತ್ತಿತ್ತು."

ಬ್ರಷ್ಷು ನಿಂತಿತು. ಬಕೆಟ್ಟು ತುಂಬಿ ನೀರು ಹರಿಯತೊಡಗಿತು. ನಾಗರತ್ನಾ ನಲ್ಲಿ ತಿರುಗಿಸಿದಳು.

"ಗೇಟು ಕಾದು ಬಂದು ಊಟಕ್ಕ ಕುಂತಾಗ ಅದೊಂದು ಮಾತು ಹೇಳ್ತಿದ್ರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ದೊಡ್ಡ ಊರಾಗ ಒಬ್ರರ ನನ್ನ ಸಲುವಾಗಿ ಬಾಯಿ ತಗದ್ರು ಅಂತ. ಅದು ಹೇಳುವಾಗ ಮಾರಿ ಬ್ಯಾರೇನೇ ಇರ್ತಿತ್ತು." ಬಟ್ಟೆಯನ್ನು ನೀರಿಗೆ ಅದ್ದಿದಳು. "ನನ್ನ ಕಡೆ ಅದೊಂದು ಉಳದಿತ್ತು. ಅದನ್ನೂ ಒಯ್ದ್ರಿ ನೀವು."

ಕ್ಷಮಿಸು ಎನ್ನುವ ಮಾತು ವಿಮಲಾಕ್ಷಿಯ ನಾಲಿಗೆಯ ತುದಿಗೆ ಬಂತು. ಅದೂ ತನ್ನ ಸಲುವಾಗಿಯೇ ಬರುತ್ತಿದೆ ಅನಿಸಿ ನುಂಗಿಕೊಂಡಳು.

ಪ್ಯಾಂಟಿನ ಬಟ್ಟೆ ದಪ್ಪ. ಒಬ್ಬಳೇ ಹಿಂಡಲು ನೋಡಿ ನಾಗರತ್ನಾಳ ಮಣಿಕಟ್ಟು ಸೋತಿತು.

"ಆ ತುದಿ ಹಿಡೀರಿ," ಎಂದಳು.

ವಿಮಲಾಕ್ಷಿ ಸೀರೆ ಎತ್ತಿ ಕಟ್ಟಿ ಹಿಡಿದಳು. ಒಬ್ಬಳು ಆ ಕಡೆಗೆ, ಒಬ್ಬಳು ಈ ಕಡೆಗೆ ತಿರುವಿದರು. ನೀಲಿ ಬಣ್ಣದ ನೀರು ಇಬ್ಬರ ಪಾದಗಳ ನಡುವೆ ಸುರಿದು ಮೋರಿಯ ಕಡೆ ಹರಿಯಿತು. ತಿರುವಿದಷ್ಟೂ ಬಟ್ಟೆ ಗಿಡ್ಡವಾಗುತ್ತ, ಅವರನ್ನು ಹತ್ತಿರಕ್ಕೆ ಎಳೆಯುತ್ತ ಬಂತು. ಇನ್ನು ಒಂದು ಹನಿಯೂ ಬೀಳದ ಹಾಗಾದಾಗ ವಿಮಲಾಕ್ಷಿ ಕೈ ಸಡಿಲಿಸಹೋದಳು. ನಾಗರತ್ನಾ ತಲೆ ಎತ್ತದೆ ಇನ್ನೊಂದು ಸುತ್ತು ತಿರುವಿದಳು.